ಉರುಗ್ವೆಯ ಜೆರ್ಸಿ: ಬಳ್ಳಾರಿಯ ಅಂಗಡಿಯಲ್ಲಿ ಎರಡು ನಕ್ಷತ್ರ, ನಾಲ್ಕು ನಕ್ಷತ್ರ

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಫುಟ್‌ಬಾಲ್ ಜೆರ್ಸಿ ಕೇಳಿದರೆ ಸಿಗುವುದು ಬಹುಮಟ್ಟಿಗೆ ಅರ್ಜೆಂಟೀನಾ, ಬ್ರೆಜಿಲ್, ಪೋರ್ಚುಗಲ್ ಅಷ್ಟೇ. ಮೆಸ್ಸಿಯ ಹತ್ತು, ರೊನಾಲ್ಡೊನ ಏಳು ನೇತುಹಾಕಿದರೆ ವ್ಯಾಪಾರ ತಾನಾಗಿ ನಡೆಯುತ್ತದೆ. ಉಳಿದ ತಂಡಗಳ ಮಾಲು ತರಿಸಿ ಬಂಡವಾಳವನ್ನು ಕಟ್ಟಿಹಾಕಿಕೊಳ್ಳಲು ಅಂಗಡಿಯವರಿಗೆ ಮನಸ್ಸಿಲ್ಲ. ಹೀಗಿರುವಾಗ ಆ ಭಾಗದ ಒಂದು ಸಣ್ಣ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಉರುಗ್ವೆ ತಂಡದ ಆಕಾಶನೀಲಿ ಜೆರ್ಸಿ ಮಾರಾಟಕ್ಕಿದೆ, ಅದೂ ಎರಡು ನಮೂನೆಗಳಲ್ಲಿ. ಯಾವ ದೊಡ್ಡ ಕಂಪನಿಯ ಗುರುತೂ ಇಲ್ಲದ, ಅಭಿಮಾನಿಗಳಿಗೆಂದು ಹೊಲಿದ ಸಾಧಾರಣ ಜೆರ್ಸಿ ಇದು; ಬೆಲೆ 450 ರೂಪಾಯಿ, ಬೆನ್ನ ಮೇಲೆ ಹೆಸರು ಮತ್ತು ಸಂಖ್ಯೆ ಬೇಕಾದರೆ ಮತ್ತೆ 100 ರೂಪಾಯಿ. ಒಂದು ನಮೂನೆಯ ಲಾಂಛನದ ಮೇಲೆ ಎರಡು ನಕ್ಷತ್ರಗಳಿವೆ, ಇನ್ನೊಂದರ ಮೇಲೆ ನಾಲ್ಕು. ಯಾವುದು ಸರಿ ಎಂದು ಕೇಳಿದರೆ, “ಎರಡೂ ಒಂದ ರೇಟ್ ಸರ್, ಯಾವ್ದು ಬೇಕೋ ತಗೊಳ್ರಿ” ಎಂಬ ಉತ್ತರ ಬರುತ್ತದೆ. ಬೆಲೆ ಒಂದೇ ಆಗಿದ್ದರೂ ಆ ಎರಡು ನಕ್ಷತ್ರಗಳ ವ್ಯತ್ಯಾಸದ ಹಿಂದೆ ಒಂದು ದೇಶದ ಹಳೆಯ ಹಕ್ಕುಸಾಧನೆಯಿದೆ.

ರಾಷ್ಟ್ರೀಯ ತಂಡದ ಜೆರ್ಸಿಯ ಮೇಲಿನ ಪ್ರತಿ ನಕ್ಷತ್ರವೂ ಗೆದ್ದ ಒಂದು ವಿಶ್ವ ಪ್ರಶಸ್ತಿಯ ಲೆಕ್ಕ. ಬ್ರೆಜಿಲ್‌ಗೆ ಐದು, ಜರ್ಮನಿ ಮತ್ತು ಇಟಲಿಗೆ ನಾಲ್ಕು, 2022ರ ನಂತರ ಅರ್ಜೆಂಟೀನಾಗೆ ಮೂರು. ಉರುಗ್ವೆ ವಿಶ್ವಕಪ್ ಗೆದ್ದದ್ದು 1930 ಮತ್ತು 1950ರಲ್ಲಿ, ಎರಡೇ ಬಾರಿ; ಆದ್ದರಿಂದ ಎರಡು ನಕ್ಷತ್ರದ ಜೆರ್ಸಿಯೇ ಸರಿ ಎಂದು ಮೇಲ್ನೋಟಕ್ಕೆ ಅನ್ನಿಸುವುದು ಸಹಜ. ಆದರೆ ತಂಡ ಮೈದಾನಕ್ಕೆ ಇಳಿಯುವುದು ನಾಲ್ಕು ನಕ್ಷತ್ರ ತೊಟ್ಟು. ಉಳಿದೆರಡು 1924ರ ಪ್ಯಾರಿಸ್ ಮತ್ತು 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ ಚಿನ್ನಕ್ಕೆ ಸಂದವು. ಆಗ ವಿಶ್ವಕಪ್ ಇನ್ನೂ ಹುಟ್ಟಿರಲಿಲ್ಲ. ಬೇರೆ ಬೇರೆ ಖಂಡಗಳ ರಾಷ್ಟ್ರೀಯ ತಂಡಗಳು ಒಂದೆಡೆ ಸೇರಿ ಸೆಣಸುತ್ತಿದ್ದ ದೊಡ್ಡ ಪಂದ್ಯಾವಳಿಯೆಂದರೆ ಒಲಿಂಪಿಕ್ ಫುಟ್‌ಬಾಲೇ ಆಗಿತ್ತು. 1924ರಲ್ಲಿ 22 ತಂಡಗಳು, 1928ರಲ್ಲಿ 17 ತಂಡಗಳು ಆಡಿದ್ದ ಆ ಪಂದ್ಯಾವಳಿಗಳಲ್ಲಿ ಗೆದ್ದವರನ್ನು ಜಗತ್ತಿನ ಚಾಂಪಿಯನ್ನರಲ್ಲದೆ ಬೇರೇನೆಂದು ಕರೆಯಬೇಕು ಎಂಬುದು ಉರುಗ್ವೆಯ ವಾದ. 2021ರಲ್ಲಿ ಎರಡು ನಕ್ಷತ್ರಗಳನ್ನು ತೆಗೆಯುವಂತೆ ಫಿಫಾ ಸೂಚಿಸಿದಾಗ ಉರುಗ್ವೆಯ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. 2022ರ ವಿಶ್ವಕಪ್‌ನಲ್ಲಿಯೂ ತಂಡ ನಾಲ್ಕು ನಕ್ಷತ್ರಗಳ ಅಂಗಿಯಲ್ಲಿಯೇ ಆಡಿತು. ಆದುದರಿಂದ ತಂಡದ ನಿಜವಾದ ಅಂಗಿ ಬೇಕೆನ್ನುವವರಿಗೆ ನಾಲ್ಕೇ ಸರಿಯಾದ ಲೆಕ್ಕ.

ತೊಡಕಿರುವುದು ಬಟ್ಟೆಯಲ್ಲಿ. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನ ಗ್ರಾಹಕರು ಅಂಗಿಯ ಒಳಮೈ ತಿರುವಿ ನೋಡದೆ ಹಣ ಎಣಿಸುವವರಲ್ಲ. ಹಾಗೆ ನೋಡಿದಾಗ ಎರಡು ನಕ್ಷತ್ರದ ನಮೂನೆ ಎಲ್ಲ ವಿಧದಲ್ಲಿಯೂ ಮೇಲು ಎಂಬುದು ಸ್ಪಷ್ಟವಾಗುತ್ತದೆ. ಅದರ ಪಾಲಿಯೆಸ್ಟರ್ ಬಟ್ಟೆ ಸಣ್ಣ ರಂಧ್ರಗಳ ಹೆಣಿಗೆಯದು, ಬೆವರನ್ನು ಬೇಗ ಆರಿಸುತ್ತದೆ. ಬಳ್ಳಾರಿಯಂತಹ ಊರಿನಲ್ಲಿ ಮೊದಲು ನೋಡಬೇಕಾದ ಗುಣ ಇದೇ. ಓವರ್‌ಲಾಕ್ ಹೊಲಿಗೆ ಬಿಗಿಯಾಗಿದೆ, ಭುಜದ ಜೋಡಣೆಯ ಮೇಲೆ ಇನ್ನೊಂದು ಸಾಲು ಹೊಲಿಗೆ ಬಿದ್ದಿದೆ, ಲಾಂಛನವನ್ನು ಕಸೂತಿ ಯಂತ್ರದಲ್ಲಿ ತೆಗೆದಿದ್ದಾರೆ. ನಾಲ್ಕು ನಕ್ಷತ್ರದ ನಮೂನೆಯ ಬಟ್ಟೆಯಾದರೋ ತೆಳುವು. ಬೆಳಕಿಗೆ ಹಿಡಿದರೆ ಒಳಗಿನ ಬನಿಯನ್ ಕಾಣುತ್ತದೆ. ಲಾಂಛನ ಅಚ್ಚು ಹಾಕಿದ್ದು, ಕೆಲವು ಒಗೆತಗಳಲ್ಲಿಯೇ ಅಂಚು ಸಿಪ್ಪೆಯೇಳುತ್ತದೆ. ಕಂಕುಳಿನ ಬಳಿ ದಾರ ಬಿಟ್ಟುಕೊಂಡ ತುಂಡುಗಳೂ ಕಟ್ಟಿನಲ್ಲಿ ಇದ್ದವು.

ಬಣ್ಣದ ವಿಷಯದಲ್ಲಿಯೂ ಅದೇ ಕಥೆ. ನಾಲ್ಕು ನಕ್ಷತ್ರದ್ದು ಗಾಢ ನೀಲಿಯತ್ತ ವಾಲಿ, ದೂರದಿಂದ ನಮ್ಮ ಕ್ರಿಕೆಟ್ ತಂಡದ ಅಂಗಿಯಂತೆ ಕಾಣುತ್ತದೆ. ಎರಡು ನಕ್ಷತ್ರದ್ದು ತಿಳಿಯಾದ ಆಕಾಶನೀಲಿ, ಇರಬೇಕಾದ ಬಣ್ಣವೇ. ಉರುಗ್ವೆಗೆ ಈ ಬಣ್ಣ ಬಂದದ್ದು 1910ರಲ್ಲಿ. ಮಾಂಟೆವಿಡಿಯೊ ನಗರದ ರಿವರ್ ಪ್ಲೇಟ್ ಎಂಬ ಕ್ಲಬ್ ಆ ವರ್ಷ ತಿಳಿನೀಲಿ ಅಂಗಿ ತೊಟ್ಟು ಅರ್ಜೆಂಟೀನಾದ ಬಲಿಷ್ಠ ಅಲುಮ್ನಿ ತಂಡವನ್ನು 2-1ರಿಂದ ಸೋಲಿಸಿತು. ಅದರ ಗೌರವಾರ್ಥ ರಾಷ್ಟ್ರೀಯ ತಂಡ ಅದೇ ಬಣ್ಣವನ್ನು ತನ್ನದಾಗಿಸಿಕೊಂಡು, ಅದೇ ಆಗಸ್ಟ್‌ನಲ್ಲಿ ಅರ್ಜೆಂಟೀನಾವನ್ನು 3-1ರಿಂದ ಮಣಿಸಿತು. ಅಂಗಡಿಯ ಒಂದು ಮೂಲೆಯಲ್ಲಿ ಕೆಂಪು ಬಣ್ಣದ ಉರುಗ್ವೆ ಅಂಗಿಯೂ ಇದೆ. ಅದನ್ನು ತಯಾರಕರ ಪ್ರಮಾದವೆಂದು ತಳ್ಳಿಹಾಕಬೇಕಾಗಿಲ್ಲ. 1935ರಲ್ಲಿ ಪೆರುವಿನ ಲಿಮಾದಲ್ಲಿ ನಡೆದ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ ಅನ್ನು ಉರುಗ್ವೆ ಕೆಂಪು ಅಂಗಿಯಲ್ಲಿ ಗೆದ್ದಿತ್ತು, ಮುಂದೆ 1990ರ ದಶಕದಲ್ಲಿ ಆ ಬಣ್ಣ ಎರಡನೆಯ ಜೆರ್ಸಿಯಾಗಿ ಮರಳಿತು.

ಈ ಜೆರ್ಸಿಗೆ ಹಣ ಕೊಡುವವರು ಅದರ ಮೇಲಿನ ಪ್ರತಿ ನಕ್ಷತ್ರಕ್ಕೂ ಏನು ಸಂದಿದೆ ಎಂದು ತಿಳಿದಿದ್ದರೆ ಒಳ್ಳೆಯದು. ಉರುಗ್ವೆಯ ಇಂದಿನ ಜನಸಂಖ್ಯೆ ಸುಮಾರು 35 ಲಕ್ಷ. 2011ರ ಜನಗಣತಿಯಲ್ಲಿ ರಾಯಚೂರು ಮತ್ತು ಕೊಪ್ಪಳ ಎರಡೇ ಜಿಲ್ಲೆಗಳ ಜನ ಸೇರಿ 33 ಲಕ್ಷದಷ್ಟಿದ್ದರು. ಅಷ್ಟು ಸಣ್ಣ ದೇಶ 1916ರಲ್ಲಿ ನಡೆದ ಮೊದಲ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ ಅನ್ನೇ ಗೆದ್ದಿತು. ಅಲ್ಲಿ 4-0ಯಿಂದ ಸೋತ ಚಿಲಿ, ಉರುಗ್ವೆ ಆಫ್ರಿಕನ್ನರನ್ನು ಆಡಿಸಿದೆ ಎಂದು ದೂರಿತ್ತು. ಆ ದೂರಿಗೆ ಗುರಿಯಾದ ಇಸಬೆಲಿನೊ ಗ್ರಾಡಿನ್ ಮತ್ತು ಹುವಾನ್ ಡೆಲ್ಗಾಡೊ ಉರುಗ್ವೆಯವರೇ ಆದ ಕಪ್ಪು ವರ್ಣದ ಆಟಗಾರರು. ಎಂಟು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ ಹೊಸೆ ಲಿಯಾಂಡ್ರೊ ಆಂಡ್ರಾಡೆ ಎಂಬ ಮತ್ತೊಬ್ಬ ಕಪ್ಪು ಆಟಗಾರನನ್ನು ಯುರೋಪು ಬೆರಗಾಗಿ ನೋಡಿತು. ಯುಗೊಸ್ಲಾವಿಯಾ ವಿರುದ್ಧ 7-0ಯಿಂದ ಆರಂಭಿಸಿದ ಉರುಗ್ವೆ ಫೈನಲ್‌ನಲ್ಲಿ ಸ್ವಿಟ್ಜರ್‌ಲೆಂಡ್ ಅನ್ನು 3-0ಯಿಂದ ಗೆದ್ದಿತು. 1928ರ ಫೈನಲ್‌ನಲ್ಲಿ ಎದುರಾದದ್ದು ಅರ್ಜೆಂಟೀನಾ. 1-1ರ ಸಮಬಲದ ನಂತರ ಮರುಪಂದ್ಯದಲ್ಲಿ 2-1.

1930ರ ಮೊದಲ ವಿಶ್ವಕಪ್ ಉರುಗ್ವೆಯಲ್ಲಿ ನಡೆದದ್ದಕ್ಕೆ ಈ ಗೆಲುವುಗಳ ಜೊತೆಗೆ ಇನ್ನೊಂದು ಕಾರಣವೂ ಇತ್ತು: ಆ ವರ್ಷ ಜುಲೈ 18ಕ್ಕೆ ದೇಶದ ಮೊದಲ ಸಂವಿಧಾನಕ್ಕೆ ನೂರು ವರ್ಷ ತುಂಬುತ್ತಿತ್ತು. ಅದೇ ದಿನ ಸೆಂಟೆನಾರಿಯೊ ಕ್ರೀಡಾಂಗಣದ ಉದ್ಘಾಟನೆಯಾಯಿತು. ಪ್ರಯಾಣದ ಖರ್ಚನ್ನು ತಾನೇ ಭರಿಸುವುದಾಗಿ ಉರುಗ್ವೆ ಹೇಳಿದರೂ, ವಾರಗಟ್ಟಲೆಯ ಹಡಗು ಪಯಣಕ್ಕೆ ಅಂಜಿ ಯುರೋಪಿನಿಂದ ಫ್ರಾನ್ಸ್, ಬೆಲ್ಜಿಯಂ, ರೊಮೇನಿಯಾ ಮತ್ತು ಯುಗೊಸ್ಲಾವಿಯಾ ಮಾತ್ರ ಬಂದವು. ಒಟ್ಟು 13 ತಂಡಗಳು. ಜುಲೈ 30ರ ಫೈನಲ್‌ನಲ್ಲಿ ಯಾರ ಚೆಂಡಿನಲ್ಲಿ ಆಡಬೇಕೆಂಬ ಜಗಳ ಬಗೆಹರಿಯದೆ, ಮೊದಲಾರ್ಧ ಅರ್ಜೆಂಟೀನಾದ ಚೆಂಡಿನಲ್ಲಿಯೂ ಉತ್ತರಾರ್ಧ ಉರುಗ್ವೆಯ ಚೆಂಡಿನಲ್ಲಿಯೂ ನಡೆಯಿತು. ವಿರಾಮದ ವೇಳೆಗೆ 2-1ರಿಂದ ಮುಂದಿದ್ದ ಅರ್ಜೆಂಟೀನಾ ಕೊನೆಗೆ 4-2ರಿಂದ ಸೋತಿತು. ನಾಲ್ಕನೆಯ ಗೋಲು ಹೊಡೆದ ಹೆಕ್ಟರ್ ಕ್ಯಾಸ್ಟ್ರೊ ಹದಿಹರೆಯದಲ್ಲಿ ವಿದ್ಯುತ್ ಗರಗಸಕ್ಕೆ ಸಿಕ್ಕು ಬಲಗೈಯ ಮುಂಭಾಗವನ್ನು ಕಳೆದುಕೊಂಡಿದ್ದವನು. ತಮ್ಮ ಆಹ್ವಾನವನ್ನು ಕಡೆಗಣಿಸಿದ ಯುರೋಪಿಗೆ ಉತ್ತರವಾಗಿ ಉರುಗ್ವೆಯವರು 1934ರಲ್ಲಿ ಇಟಲಿಗೆ ಹೋಗಲಿಲ್ಲ. ಗೆದ್ದ ಪಟ್ಟವನ್ನು ಉಳಿಸಿಕೊಳ್ಳಲು ಕಣಕ್ಕೇ ಇಳಿಯದ ಚಾಂಪಿಯನ್ ವಿಶ್ವಕಪ್ ಚರಿತ್ರೆಯಲ್ಲಿ ಬೇರೆ ಇಲ್ಲ. ಸ್ವಾಭಿಮಾನವೆನ್ನಿ, ಹಟವೆನ್ನಿ, ನಕ್ಷತ್ರ ತೆಗೆಯಲು ಒಪ್ಪದವರ ಸ್ವಭಾವ ಅಂದಿನಿಂದಲೂ ಅದೇ.

ನಾಲ್ಕನೆಯ ನಕ್ಷತ್ರದ ಕಥೆ ಉಳಿದ ಮೂರನ್ನೂ ಮೀರಿಸುವಂಥದ್ದು. 1950ರ ವಿಶ್ವಕಪ್‌ನಲ್ಲಿ ಫೈನಲ್ ಎಂಬುದು ಇರಲಿಲ್ಲ. ನಾಲ್ಕು ತಂಡಗಳ ಅಂತಿಮ ಸುತ್ತಿನಲ್ಲಿ ಬ್ರೆಜಿಲ್ ಸ್ವೀಡನ್ನನ್ನು 7-1, ಸ್ಪೇನ್ ಅನ್ನು 6-1ರಿಂದ ಬಡಿದಿದ್ದರೆ, ಉರುಗ್ವೆ ಸ್ಪೇನ್ ಜೊತೆ ಸಮ ಮಾಡಿಕೊಂಡು ಸ್ವೀಡನ್ನನ್ನು ಕಷ್ಟಪಟ್ಟು 3-2ರಿಂದ ದಾಟಿತ್ತು. ಜುಲೈ 16ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಆತಿಥೇಯ ಬ್ರೆಜಿಲ್‌ಗೆ ಸಮಬಲ ಸಾಕಾಗಿತ್ತು. ಸುಮಾರು ಎರಡು ಲಕ್ಷ ಜನರ ಎದುರು ಉತ್ತರಾರ್ಧದ ಆರಂಭದಲ್ಲೇ ಫ್ರಿಯಾಸಾ ಗೋಲು ಹೊಡೆದಾಗ, ನಾಯಕ ಒಬ್ದುಲಿಯೊ ವರೇಲಾ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ರೆಫರಿಯೊಡನೆ ವಾದಕ್ಕೆ ನಿಂತ. ವಾದದಲ್ಲಿ ಹುರುಳಿರಲಿಲ್ಲ, ಜನಸಮುದ್ರದ ಅಬ್ಬರ ತಣಿಯುವವರೆಗೆ ಕಾಲ ತಳ್ಳುವುದಷ್ಟೇ ಆತನ ಉದ್ದೇಶವಾಗಿತ್ತು. 66ನೆಯ ನಿಮಿಷದಲ್ಲಿ ಶಿಯಾಫಿನೊ, 79ನೆಯ ನಿಮಿಷದಲ್ಲಿ ಗಿಗ್ಗಿಯಾ ಗೋಲು ಹೊಡೆದರು. ಆ ಸೋಲಿನ ಬಳಿಕ ಬ್ರೆಜಿಲ್ ತನ್ನ ಬಿಳಿ ಅಂಗಿಯನ್ನೇ ಬಿಟ್ಟುಕೊಟ್ಟಿತು. ಇಂದು ಬೆಂಗಳೂರು ರಸ್ತೆಯ ಪ್ರತಿ ಕ್ರೀಡಾ ಅಂಗಡಿಯಲ್ಲೂ ತೂಗಾಡುವ ಹಳದಿ ಜೆರ್ಸಿ ಪತ್ರಿಕೆಯೊಂದು ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಆಯ್ಕೆಯಾದದ್ದು. ಅದನ್ನು ರೂಪಿಸಿದ ಅಲ್ದಿರ್ ಶ್ಲೀ ಉರುಗ್ವೆಯ ಗಡಿಯಂಚಿನ ಬ್ರೆಜಿಲ್ ಊರಿನವರು, ಮನಸಾರೆ ಬೆಂಬಲಿಸುತ್ತಿದ್ದದ್ದು ಉರುಗ್ವೆಯನ್ನೇ.

ಐದನೆಯ ನಕ್ಷತ್ರ ಬರಲಿಲ್ಲ. 1954ರ ಸೆಮಿಫೈನಲ್‌ನಲ್ಲಿ ಹಂಗೆರಿಗೆ ಮಣಿದದ್ದು ವಿಶ್ವಕಪ್‌ನಲ್ಲಿ ಉರುಗ್ವೆಯ ಮೊದಲ ಸೋಲು. 1970ರಲ್ಲಿ ಮತ್ತೆ ನಾಲ್ಕನೆಯ ಸ್ಥಾನ ಬಂದಿತಾದರೂ, ಮುಂದೆ 1978, 1982, 1994, 1998 ಮತ್ತು 2006ರಲ್ಲಿ ಅರ್ಹತೆಯೇ ಸಿಗಲಿಲ್ಲ. 1986ರಲ್ಲಿ ಆಡಿದಾಗಲೂ ನೆನಪಿನಲ್ಲಿ ಉಳಿದದ್ದು ಡೆನ್ಮಾರ್ಕ್ ವಿರುದ್ಧದ 1-6ರ ಸೋಲು ಮತ್ತು ಸ್ಕಾಟ್ಲೆಂಡ್ ಪಂದ್ಯದ ಮೊದಲ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರಬಿದ್ದ ಹೊಸೆ ಬಟಿಸ್ಟಾ. 2006ರಲ್ಲಿ ಎರಡನೆಯ ಬಾರಿ ತರಬೇತುದಾರನ ಹುದ್ದೆಗೆ ಬಂದ ಆಸ್ಕರ್ ತಬಾರೆಜ್ ಕಿರಿಯರ ತಂಡಗಳಿಂದ ಹಿಡಿದು ಹಿರಿಯರ ತಂಡದವರೆಗೆ ಒಂದೇ ಬಗೆಯ ಶಿಸ್ತು ಮತ್ತು ತಯಾರಿಯನ್ನು ತಂದರು. ಶಾಲಾ ಮೇಷ್ಟರಾಗಿದ್ದ ಅವರು 2021ರವರೆಗೆ ಆ ಸ್ಥಾನದಲ್ಲಿದ್ದರು. 2010ರಲ್ಲಿ ನಾಲ್ಕನೆಯ ಸ್ಥಾನ, 2011ರಲ್ಲಿ ಅರ್ಜೆಂಟೀನಾದ ನೆಲದಲ್ಲೇ ಹದಿನೈದನೆಯ ಕೋಪಾ ಅಮೆರಿಕ (ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನ ಇಂದಿನ ಹೆಸರು) ಪ್ರಶಸ್ತಿ, 2018ರಲ್ಲಿ ಕ್ವಾರ್ಟರ್‌ಫೈನಲ್, ಇವೆಲ್ಲ ಆ ತಾಳ್ಮೆಯ ಫಲ. ನನ್ನ ಮಟ್ಟಿಗೆ ಮರಕಾನಾದ ಪವಾಡಕ್ಕಿಂತಲೂ ಈ ಹದಿನೈದು ವರ್ಷಗಳ ಕೆಲಸವೇ ದೊಡ್ಡದು. ಅವರ ನಂತರ 2023ರಲ್ಲಿ ಬಂದ ಮಾರ್ಸೆಲೊ ಬಿಯೆಲ್ಸಾ ಅದೇ ವರ್ಷ ಬ್ರೆಜಿಲ್ ಮತ್ತು ಅರ್ಜೆಂಟೀನಾ ಎರಡನ್ನೂ 2-0ಯಿಂದ ಸೋಲಿಸಿದ ತಂಡವನ್ನು ಕಟ್ಟಿದರು, 2024ರ ಕೋಪಾದಲ್ಲಿ ಮೂರನೆಯ ಸ್ಥಾನ ತಂದರು, 2026ರ ವಿಶ್ವಕಪ್‌ಗೆ ಅರ್ಹತೆಯನ್ನೂ ಗಳಿಸಿಕೊಟ್ಟರು.

ಅಂಗಡಿಯಲ್ಲಿ ಬೆನ್ನ ಮೇಲೆ ಸಿದ್ಧವಾಗಿ ಸಿಗುವ ಹೆಸರು ಲೂಯಿಸ್ ಸ್ವಾರೆಜ್ ಒಬ್ಬರದೇ, ಸಂಖ್ಯೆ 9. ದೇಶಕ್ಕಾಗಿ 69 ಗೋಲು ಹೊಡೆದು ದಾಖಲೆ ಬರೆದವರು ಅವರು; 2010ರಲ್ಲಿ ಘಾನಾದ ಗೋಲನ್ನು ಕೈಯಿಂದ ತಡೆದವರೂ, 2014ರಲ್ಲಿ ಇಟಲಿಯ ಕಿಯೆಲ್ಲಿನಿಯ ಭುಜ ಕಚ್ಚಿದವರೂ ಅವರೇ. ಆ ಹೆಸರು ಹೊರಲು ಸಂಕೋಚವಿರುವವರು 2010ರ ವಿಶ್ವಕಪ್‌ನ ಶ್ರೇಷ್ಠ ಆಟಗಾರ ಡಿಯೆಗೊ ಫೋರ್ಲಾನ್‌ರ 10ನ್ನು ಹಾಕಿಸಿಕೊಳ್ಳಬಹುದು. ಹೀಟ್ ಪ್ರೆಸ್ ಇಳಿಸುವ ಮುನ್ನ ಅಕ್ಷರಗಳನ್ನು ಒಮ್ಮೆ ಓದಿ ನೋಡುವುದು ಕ್ಷೇಮ. ನೇತುಹಾಕಿದ್ದ ಒಂದು ತುಂಡಿನಲ್ಲಿ ಸ್ವಾರೆಜ್ ಹೆಸರಿನ ಒಂದು ಅಕ್ಷರವೇ ಮಾಯವಾಗಿತ್ತು. ಊರಿನ ಟೂರ್ನಮೆಂಟ್ ತಂಡಗಳು ಒಟ್ಟಾಗಿ ಕೊಂಡರೆ ಎದೆಯ ಮೇಲೆ ಪ್ರಾಯೋಜಕರ ಹೆಸರನ್ನು ಪುಕ್ಕಟೆಯಾಗಿ ಅಚ್ಚು ಹಾಕಿಕೊಡುತ್ತಾರೆ. ಈ ಜೆರ್ಸಿಗೆ ಅದು ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. 1950ರ ನಾಯಕ ವರೇಲಾ ಆಡುತ್ತಿದ್ದ ಪೆನ್ಯಾರೋಲ್ ಕ್ಲಬ್ ಜಾಹೀರಾತಿನ ಅಂಗಿ ತಂದಾಗ ಉಳಿದ ಹತ್ತು ಜನ ತೊಟ್ಟರೂ ಆತ ಮಾತ್ರ ಹಳೆಯ ಅಂಗಿಯಲ್ಲೇ ಆಡಿದನೆಂದು ಹೇಳುತ್ತಾರೆ.

ಅಳತೆಗಳು ಸ್ವಲ್ಪ ಚಿಕ್ಕದಾಗಿ ಬರುತ್ತವೆ, ಒಂದು ಸೈಜ್ ಮೇಲಿನದನ್ನೇ ಕೇಳಬೇಕು. ಮಕ್ಕಳ ಅಳತೆ ಇಲ್ಲ. ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಎರಡು ನಕ್ಷತ್ರದ್ದರ ಬಣ್ಣ ಬಿಡುವುದಿಲ್ಲ.

ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಸಲಹೆ ಇದು: ಎರಡು ನಕ್ಷತ್ರದ ಜೆರ್ಸಿಯನ್ನೇ ಕೊಂಡು, ಜೀನ್ಸ್ ಜೇಬುಗಳಿಗೆ ಕಂಪ್ಯೂಟರ್ ಕಸೂತಿ ಹಾಕುವವರ ಬಳಿ ಒಯ್ದು, ಇರುವ ನಕ್ಷತ್ರಗಳ ಎಡಕ್ಕೊಂದು ಬಲಕ್ಕೊಂದು ಸೇರಿಸಿಕೊಳ್ಳಿ. ಚಿಲ್ಲರೆ ಕೆಲಸವೆಂದು ಮೊದಲು ಗೊಣಗುತ್ತಾರೆ, ಆದರೆ ದೊಡ್ಡ ಖರ್ಚಿನ ಕೆಲಸವಲ್ಲ. ಹೆಣಿಗೆಯ ಬಟ್ಟೆಯಾದ್ದರಿಂದ ಕೆಳಗೆ ದಪ್ಪ ಪೇಪರ್ ಕೊಟ್ಟೇ ಸೂಜಿ ಓಡಿಸಬೇಕು, ಇಲ್ಲವಾದರೆ ಸುತ್ತಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ದಾರದ ಬಣ್ಣವನ್ನು ಹಗಲಿನ ಬೆಳಕಿನಲ್ಲಿ ಹೊಂದಿಸಿ ನೋಡಿಯೇ ಆರಿಸಿ, ಟ್ಯೂಬ್‌ಲೈಟ್ ಕೆಳಗೆ ಹಳದಿಯ ಎಲ್ಲ ಛಾಯೆಗಳೂ ಒಂದೇ ತೆರನಾಗಿ ಕಾಣುತ್ತವೆ.