ಸಿಬಿಟಿಯೋ, ಮನೋವಿಶ್ಲೇಷಣೆಯೋ?

ಥೆರಪಿಗೆ ಹೋಗಬೇಕು ಅಂತ ಮನಸ್ಸು ಮಾಡಿದ ಮೇಲೆ ಯಾವ ಥೆರಪಿ ಅನ್ನುವ ಪ್ರಶ್ನೆ ಬರುತ್ತದೆ, ಅಲ್ವಾ? ಮನೋವಿಶ್ಲೇಷಣೆ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್‌ ಹಾಕಿಕೊಟ್ಟ ದಾರಿ. ಬಾಲ್ಯ, ಕನಸು, ಅದುಮಿಟ್ಟ ಆಸೆಗಳನ್ನು ನಿಧಾನವಾಗಿ ಕೆದಕುತ್ತದೆ. ವರ್ಷಗಟ್ಟಲೆ ನಡೆಯಬಹುದು.

ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಇವತ್ತಿನ ಯೋಚನೆಯನ್ನೇ ಹಿಡಿಯುತ್ತದೆ. ಇದಕ್ಕೆ ಬುನಾದಿ ಹಾಕಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮೊದಲು ಮನೋವಿಶ್ಲೇಷಣೆಯನ್ನೇ ಕಲಿತವರು. 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಖಿನ್ನತೆಯಿದ್ದವರ ಮಾತು ಕೇಳುತ್ತಾ, ಅವರ ತಲೆಯಲ್ಲಿ ತಾನಾಗಿಯೇ ಓಡುವ ಯೋಚನೆಗಳನ್ನು ಗಮನಿಸಿದರು.

ಗೆಳತಿ ಮೆಸೇಜಿಗೆ ಉತ್ತರ ಕೊಟ್ಟಿಲ್ಲ ಅನ್ನಿ. 'ನಾನು ಯಾರಿಗೂ ಬೇಡ' ಅನಿಸಿತು. ಸಿಬಿಟಿಯಲ್ಲಿ ಇದನ್ನು ಹಾಳೆಯ ಮೇಲೆ ಬರೆಸುತ್ತಾರೆ: ಏನಾಯ್ತು, ಏನನಿಸಿತು, ಬೇಜಾರು 100ಕ್ಕೆ ಎಷ್ಟು, ಹಾಗಂದುಕೊಳ್ಳಲು ಪುರಾವೆ ಏನು, ಬೇರೆ ಕಾರಣ ಇರಬಹುದಾ. ಕೊನೆಗೆ ಬೇಜಾರಿಗೆ ಮತ್ತೆ ಅಂಕ ಕೊಡಬೇಕು. 'ಸುಮ್ನೆ ಒಳ್ಳೇದನ್ನೇ ಯೋಚಿಸು' ಅನ್ನುವ ಬುದ್ಧಿಮಾತಲ್ಲ ಇದು. ಹೋಂವರ್ಕ್ ಇರುತ್ತದೆ, ಮಾಡದಿದ್ದರೆ ಲಾಭ ಕಡಿಮೆ.

ಆತಂಕ, ಪ್ಯಾನಿಕ್ (ಇದ್ದಕ್ಕಿದ್ದಂತೆ ಬರುವ ತೀವ್ರ ಗಾಬರಿ), ಒಸಿಡಿ (ಬೇಡದ ಯೋಚನೆ, ಅದೇ ಕೆಲಸ ಪದೇ ಪದೇ ಮಾಡಬೇಕೆನಿಸುವ ಕಾಯಿಲೆ), ಖಿನ್ನತೆ ಇದ್ದರೆ ಮೊದಲು ಸಿಬಿಟಿ ನೋಡಿ ಅನ್ನುತ್ತೇನೆ. ಸಾಮಾನ್ಯವಾಗಿ 12ರಿಂದ 20 ಭೇಟಿ ಸಾಕು, ಸಂಶೋಧನೆಯ ಬೆಂಬಲವೂ ಜಾಸ್ತಿ. ಪ್ರತಿ ಸಂಬಂಧದಲ್ಲೂ ಅದೇ ಗೋಜಲು ಮರುಕಳಿಸುತ್ತಿದ್ದರೆ, ಸಮಯ ಮತ್ತು ಹಣ ಎರಡೂ ಇದ್ದರೆ, ಮನೋವಿಶ್ಲೇಷಣೆಯ ದಾರಿ ಹಿಡಿಯಬಹುದು.

ಸಾಯುವ ಯೋಚನೆ ಬರುತ್ತಿದ್ದರೆ ಈ ಆಯ್ಕೆಯಲ್ಲಿ ಕಾಲ ಕಳೆಯಬೇಡಿ. ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.