ದಾಂಡೇಲಿ ಪ್ಯಾಕೇಜು, ತಮ್ಮನ ಬೈಕು, ಲಕ್ಕುಂಡಿ ಬಸ್ಸು

ಹುಬ್ಬಳ್ಳಿಯಿಂದ ತಿರುಗಾಟಕ್ಕೆ ಪ್ಯಾಕೇಜೋ, ಬೈಕೋ, ಬಸ್ಸೋ ಎಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸರ್ಕಾರಿ ಬಸ್ಸಿಗೆ. ಈ ವರ್ಷ ಮೂರು ನಮೂನಿ ತಿರುಗಿದೆ: ಗೆಳತಿಯರ ಜೊತೆ ದಾಂಡೇಲಿ ಪ್ಯಾಕೇಜು, ಕಾಕಾನ ಮಗನ ಬೈಕಿನ ಹಿಂದೆ ಕೂತು ಮಾಗೋಡು ಜಲಪಾತ, ಆಮೇಲೆ ಬಸ್ಸು ಹತ್ತಿ ಲಕ್ಕುಂಡಿ. ಮೊದಲಿನದಕ್ಕೆ ಸುರಿದ ರೊಕ್ಕ ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತದೆ, ಅದರಿಂದಲೇ ಶುರು ಮಾಡುತ್ತೇನೆ.

ಹುಬ್ಬಳ್ಳಿಯಿಂದ ದಾಂಡೇಲಿ ಸುಮಾರು 75 ಕಿ.ಮೀ. ಧಾರವಾಡ, ಹಳಿಯಾಳ ದಾಟಿದರೆ ಬಂದೇಬಿಟ್ಟಿತು. "ಇಷ್ಟ ದೂರಕ್ಕ ಪ್ಯಾಕೇಜ್ ಯಾಕ್ ಬೇಕ?" ಎಂದು ಅವ್ವ ಕೇಳಿದ್ದಳು. ನಮಗೆ ಆಗ ಇನ್‌ಸ್ಟಾಗ್ರಾಂ ರೀಲಿನ ರಾಫ್ಟಿಂಗೇ ಕಣ್ಣಲ್ಲಿ ತುಂಬಿತ್ತು. ತಲೆಗೆ 3,800 ರೂಪಾಯಿ ಕಟ್ಟಿದೆವು.

ಆ ಪ್ಯಾಕೇಜು ಮಾಡಿದ್ದೇ ಬೆಂಗಳೂರಿನವರಿಗಾಗಿ ಎಂದು ತಿಳಿದದ್ದು ಆಮೇಲೆ. ಶುಕ್ರವಾರ ರಾತ್ರಿ ಗಾಡಿ ಅಲ್ಲಿಂದ ಬಿಡುತ್ತದೆ, ನಾವು ನಸುಕಿನ ನಾಲ್ಕಕ್ಕೆ ಗಬ್ಬೂರ ಬೈಪಾಸಿನಲ್ಲಿ ಹತ್ತಬೇಕು. 3:45ಕ್ಕೆ ಹೋಗಿ ನಿಂತೆವು. ಕಾವಲಿಗೆ ಗೆಳತಿಯ ಅಪ್ಪ, ಮಂಕಿಟೋಪಿ ಹಾಕಿಕೊಂಡು. ಚಾದಂಗಡಿ ಮುಚ್ಚಿತ್ತು. ಲಾರಿ ಹೋದಾಗಲೊಮ್ಮೆ ಮುಖಕ್ಕೆ ಧೂಳು. ಲೈವ್ ಲೊಕೇಶನ್ನಿನ ಚುಕ್ಕಿ ರಾಣೆಬೆನ್ನೂರಿನಲ್ಲೇ ಕೂತಿತ್ತು. ಫೋನು ಹಚ್ಚಿದರೆ "ಟೆನ್ ಮಿನಿಟ್ಸ್ ಮೇಡಂ". ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಹತ್ತು ನಿಮಿಷಕ್ಕೆ ಹಾರಿ ಬರಬೇಕಷ್ಟೇ! ಐದೂವರೆಗೆ ಚುಕ್ಕಿ ಬಂಕಾಪುರ ಟೋಲಿಗೆ ಬಂತು. ಅಂಕಲ್ ಏನೂ ಅನ್ನಲಿಲ್ಲ, ಪ್ರತಿ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿಕೊಂಡರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಗಾಡಿ ಬಂದದ್ದು 6:40ಕ್ಕೆ. ಉಳಿದಿದ್ದು ಗಾಲಿಯ ಮೇಲಿನ ಹಿಂದಿನ ಸೀಟು. ಅರ್ಧ ತಾಸು ಕಳೆದು ಅದೇ ಗಾಡಿ ಧಾರವಾಡದಲ್ಲಿ ನಾಷ್ಟಾಕ್ಕೆ ನಿಂತಿತು. ನಮ್ಮಲ್ಲೊಬ್ಬಳ ಮನೆ ಆ ಹೋಟೆಲಿನಿಂದ ಎರಡು ಓಣಿ ಆಚೆ. ಆಕಿ ನಮ್ಮ ಜೊತೆ ಹತ್ತಬೇಕೆಂದು ಹಿಂದಿನ ರಾತ್ರಿಯೇ ಹುಬ್ಬಳ್ಳಿಗೆ ಬಂದು ನಿದ್ದೆಗೆಟ್ಟಿದ್ದಳು! ಬೆಂಗಳೂರಿನಿಂದ ಇಲ್ಲಿಯವರೆಗಿನ ಸುಮಾರು 400 ಕಿ.ಮೀ. ನಾವು ಕೂತೇ ಇಲ್ಲವಲ್ಲ, ರೊಕ್ಕ ಕಡಿಮೆ ಮಾಡಿರಿ ಎಂದೆ. ರೇಟು ಎಲ್ಲರಿಗೂ ಒಂದೇ ಎಂದರು.

ಇನ್ನು ರಾಫ್ಟಿಂಗು. ಕಾಳಿ ನದಿಯಲ್ಲಿ ಅದು ನಡೆಯಬೇಕೆಂದರೆ ಮೇಲಿನಿಂದ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಿರಬೇಕು. ಅವತ್ತು ಬಿಟ್ಟಿರಲಿಲ್ಲ. ನಿಂತ ನೀರಿನಲ್ಲಿ ಇಪ್ಪತ್ತು ನಿಮಿಷ ಹುಟ್ಟು ಹಾಕಿಸಿದರು, ರೊಕ್ಕ ವಾಪಸ್ ಇಲ್ಲ. ಮುಂಜಾನೆ ಮರದ ಮೇಲೆ ಕಂಡ ಮಂಗಟ್ಟೆ ಹಕ್ಕಿಗಳ ಜೋಡಿಯನ್ನು ಮಾತ್ರ ಮರೆಯಲಾರೆ.

ಬೈಕಿನದು ಒಂದೇ ಮಾತು: ಮಾಗೋಡಿನಂಥ ಜಾಗಕ್ಕೆ, ಯಲ್ಲಾಪುರ ದಾಟಿದ ಮೇಲಿನ ಕಾಡಿನ ದಾರಿಗೆ, ಅದಕ್ಕೆ ಸಾಟಿ ಇಲ್ಲ. ಪೆಟ್ರೋಲಿನಲ್ಲಿ ನನ್ನ ಪಾಲು 300 ರೂಪಾಯಿ. ಆದರೆ ಹ್ಯಾಂಡಲ್ ಯಾರ ಕೈಯಲ್ಲೋ ಟ್ರಿಪ್ಪೂ ಅವರದೇ. ನಿಲ್ಲಿಸೋ ತಮ್ಮಾ ಎಂದರೆ ಮೂರು ತಿರುವು ದಾಟಿ ನಿಲ್ಲಿಸುತ್ತಾನೆ. ಸೊಂಟ ನೆಟ್ಟಗಾಗಲು ಎರಡು ದಿನ ಹಿಡಿಯಿತು.

ಲಕ್ಕುಂಡಿಗೆ ಹೋದದ್ದು ಒಂದು ಭಾನುವಾರ, ಎಂಟಕ್ಕೆ ನಾಷ್ಟಾ ಮುಗಿಸಿಕೊಂಡು. ಯಾರಿಗೂ ಕಾಯುವಂತಿಲ್ಲ. 2023ರ ಜೂನ್ 11ರಿಂದ ನಮ್ಮಂಥ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಸೊನ್ನೆ ಟಿಕೆಟ್ಟು, ಆಧಾರ್ ತೋರಿಸಿದರಾಯಿತು. ಅಣ್ಣಿಗೇರಿ ದಾಟುತ್ತ ಎರಡೂ ಕಡೆ ಎರಿ ಹೊಲ, ಕಡಲೆ, ಜೋಳ. ಗದಗಿನಲ್ಲಿ ಬಸ್ಸು ಬದಲಿಸಿದರೆ ಹನ್ನೆರಡು ಕಿ.ಮೀ. ಅಷ್ಟೇ.

ಅಲ್ಲಿ ಗುಡಿಗಳು ಮನೆಗಳ ನಡುವೆಯೇ ಇವೆ. ಕಾಶಿವಿಶ್ವನಾಥನ ಗುಡಿಯ ಬಾಗಿಲವಾಡದ ಬಳ್ಳಿ ಕೆತ್ತನೆ ನೋಡಿ ಓಣಿಗೆ ಬಂದರೆ ಕಟ್ಟೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು, ಪಕ್ಕದಲ್ಲಿ ಆಡು ಕಟ್ಟಿತ್ತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಜಿನಾಲಯದೊಳಗೆ ಬ್ರಹ್ಮನೇ ಎಂದು ಗೆಳತಿ ಹುಬ್ಬೇರಿಸಿದಳು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ, ಕಲ್ಲಿನ ಪುಟ್ಟ ಗೂಡುಗಳ ಪಕ್ಕ, ಒಂದು ತಾಸು ಸುಮ್ಮನೆ ಕೂತೆವು. ಮೇಲೆ ಸುಡುಬಿಸಿಲು, ನಾಲ್ಕು ಮೆಟ್ಟಿಲು ಇಳಿದರೆ ತಂಪು. "ಟೈಮಾತು, ಹತ್ತ್ರಿ" ಎನ್ನುವವರು ಯಾರೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸು ಕಿಕ್ಕಿರಿದಿತ್ತು, ಅಣ್ಣಿಗೇರಿವರೆಗೆ ನಿಂತೇ ಬಂದೆ. ಪುಕ್ಕಟೆ ಹತ್ತಿದ ಗದ್ದಲದಲ್ಲಿ ನಾನೂ ಒಬ್ಬಳು, ಯಾರಿಗೆ ಬಯ್ಯಲಿ? ಗಿರ್ಮಿಟ್ಟು, ಮಿರ್ಚಿ, ಎರಡು ಚಾ, ಒಟ್ಟು 90 ರೂಪಾಯಿ ಖರ್ಚು.

ನನಗೆ ರಜೆ ಭಾನುವಾರವಷ್ಟೇ, ಕತ್ತಲಾಗುವುದರೊಳಗೆ ಮನೆ ಸೇರಬೇಕು, ತಿರುಗಾಟಕ್ಕೆಂದು ತಿಂಗಳಿಗೆ ಸಾವಿರ ದಾಟುವಂತಿಲ್ಲ. ಈ ಲೆಕ್ಕಕ್ಕೆ ಬಸ್ಸೇ ಸೈ. ನೀರಾಟವೇ ಬೇಕೆನ್ನುವವರು ದಾಂಡೇಲಿಗೂ ಬಸ್ಸಿಗೇ ಹೋಗಲಿ, ನೀರು ಬಿಟ್ಟಿದ್ದಾರೋ ಇಲ್ಲವೋ ಎಂದು ಹಿಂದಿನ ದಿನ ಫೋನಿನಲ್ಲಿ ಕೇಳಿಕೊಂಡು ಅಲ್ಲೇ ರೊಕ್ಕ ಕಟ್ಟಲಿ. ಬರುವ ವಾರ ನಾವು ಡಂಬಳದ ದೊಡ್ಡಬಸಪ್ಪನ ಗುಡಿಗೆ ಹೊರಟಿದ್ದೇವೆ. ಅವ್ವನೂ ಬರ್ತೀನಿ ಅಂದಾಳ, ಆಕಿದೂ ಸೊನ್ನೆ ಟಿಕೆಟ್ಟೇ.