ಮೂರು ನಕ್ಷತ್ರದ ಅರ್ಜೆಂಟೀನಾ ಜೆರ್ಸಿ: ಬಟ್ಟೆಗೆ 4 ಸ್ಟಾರ್, ಗೆಲುವಿಗೆ 5

ಬಟ್ಟೆ ಹಗುರ, ಬೆವರು ಬೇಗ ಆರುತ್ತದೆ. ಸ್ವಲ್ಪ ಬಿಗಿ, ಒಂದು ಸೈಜ್ ದೊಡ್ಡದೇ ತಗೊಳ್ಳಿ.

ಇನ್ನು 'ಮೂರನೇ ನಕ್ಷತ್ರ (ಅಂದ್ರೆ ಮೂರನೇ ವಿಶ್ವಕಪ್) ರೆಫ್ರಿ ಕೊಟ್ಟ ದಾನ' ಅಂತ ಸುಮ್ನೆ ಒಂದೇ ಸ್ಟಾರ್ ಒತ್ತಿ ಹೋದವರಿಗೆ: 2022ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾಗೆ ಪೆನಾಲ್ಟಿ ತಂದ, ಡಿ ಮರಿಯಾ ಮೇಲಿನ ಫೌಲ್ ಅಷ್ಟೇನೂ ಜೋರಾಗಿರಲಿಲ್ಲ, ಸರಿ. ಆದರೆ ಅದೇ ರೆಫ್ರಿ ಫ್ರಾನ್ಸ್‌ಗೆ ಎರಡು ಪೆನಾಲ್ಟಿ ಕೊಟ್ಟರು, ಅಲ್ವಾ? ಮೆಸ್ಸಿಯ ಎರಡನೇ ಗೋಲಿನ ಹೊತ್ತಿಗೆ ಅರ್ಜೆಂಟೀನಾದ ಬದಲಿ ಆಟಗಾರರು ಮೈದಾನಕ್ಕೆ ಕಾಲಿಟ್ಟಿದ್ದರು ಅಂತ ಫ್ರಾನ್ಸಿನವರು ಜಾಸ್ತಿ ಕೂಗಾಡಿದರು. ಎಂಬಪ್ಪೆ ಗೋಲಿನ ಹೊತ್ತಿಗೆ ಹೊರಗಿರಬೇಕಾದ ಫ್ರಾನ್ಸಿನ ಏಳು ಜನ ಮೈದಾನದ ಒಳಗಿದ್ದ ಫೋಟೊವನ್ನು ಆಮೇಲೆ ರೆಫ್ರಿ ಮಾರ್ಚಿನಿಯಾಕ್ ಫೋನಿನಲ್ಲೇ ತೋರಿಸಿಬಿಟ್ಟರು. ಕೊನೇ ಗಳಿಗೆಯಲ್ಲಿ ಫ್ರಾನ್ಸಿನ ಕೊಲೊ ಮುವಾನಿ ಹೊಡೆತಕ್ಕೆ ಕಾಲು ಚಾಚಿ ತಡೆದದ್ದು ಅರ್ಜೆಂಟೀನಾ ಗೋಲ್‌ಕೀಪರ್ ಮಾರ್ಟಿನೆಜ್, ರೆಫ್ರಿಯಲ್ಲ.

ಹಾಂ, ಜೆರ್ಸಿಯನ್ನು ಒಳಗಿನದು ಹೊರಗೆ ಬರುವಂತೆ ತಿರುವಿ ಹಾಕಿ ಒಗೆಯಿರಿ, ಇಲ್ಲದಿದ್ದರೆ ನಂಬರ್ ಬಿರುಕು ಬಿಡುತ್ತದೆ.